ಮುಚ್ಚಳದೊಳಗಿನ ಗೀರು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಗಿನ ಐದೂವರೆ. ಶಾಲೆಯ ಮೈದಾನದ ಎದುರು, ಮುಚ್ಚಿದ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಗಡಿಯಾರ ರಿಪೇರಿಯವನು ಮಫ್ಲರ್ ಸುತ್ತಿಕೊಂಡು ನಿಂತಿದ್ದ. ಮೈದಾನದಲ್ಲಿ ಅವನ ಹೆಂಡತಿ ಓಡುತ್ತಿದ್ದಳು.

ಅವಳು ಓಡುವುದು ಅವನಿಗೆ ಗೊತ್ತಿದ್ದದ್ದೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು, ಮ್ಯಾರಥಾನ್ ಓಡುತ್ತೇನೆಂದು ಹೊರಟಾಗ ನಕ್ಕು ಸುಮ್ಮನಾಗಿದ್ದ. ಅವನ ತಲೆಗೆ ಅನುಮಾನದ ಹುಳ ಬಿಟ್ಟವನು ಪಕ್ಕದಂಗಡಿಯ ಟೈಲರ್.

"ನಿಮ್ಮ ಮನೆಯೋರು ಓಡ್ತಾರೆ, ನಿಲ್ತಾರೆ. ಮತ್ತೆ ಓಡ್ತಾರೆ, ಮತ್ತೆ ನಿಲ್ತಾರೆ. ಬಸ್ಸು ತಪ್ಪಿಸ್ಕೊಂಡೋರ ಥರ! ನಿಲ್ಲೋದೂ ಎಲ್ಲಿ ಅಂತೀರಿ? ಸೀಟಿ ಮೇಷ್ಟ್ರ ಬೆಂಚಿನ ಹತ್ರಾನೇ."

ಈಗ ಕಣ್ಣಾರೆ ಕಂಡ. ನಾಯಿ ಅಟ್ಟಿಸಿಕೊಂಡು ಬಂದಂತೆ ಒಂದು ಸುತ್ತು ಓಡಿ, ಬೆಂಚಿನ ಮುಂದೆ ಮಂಡಿ ಹಿಡಿದು ಬಗ್ಗಿದಳು. ಆ ನಿವೃತ್ತ ಡ್ರಿಲ್ ಮೇಷ್ಟ್ರು ಏನೋ ಅಂದರು, ನಕ್ಕಳು. ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿಕೊಳ್ಳುತ್ತ ಅಲ್ಲೇ ಅಡ್ಡಾಡಿದಳು. ಸೀಟಿ ಊದಿದ್ದೇ ತಡ, ಮತ್ತೆ ಓಡಿದಳು. ಹೀಗೆ ಎಂಟು ಸಲ. ಎಂಟು ಸಲವೂ ನಿಂತದ್ದು ಅಲ್ಲೇ.

"ಅಷ್ಟು ಹೊತ್ತು ನಿಲ್ಲೋದು ಯಾಕೆ?" ಎಂದು ಮನೆಯಲ್ಲಿ ಕೇಳಿದ.

"ವೇಗ ಬರೋದೇ ಹಾಗಂತೆ ರೀ. ಜೋರಾಗಿ ಒಂದು ಸುತ್ತು, ಆಮೇಲೆ ಉಸಿರು ತಗೊಳ್ಳೋದು. ಸುತ್ತು ಎರಡು ನಿಮಿಷದೊಳಗೆ ಮುಗೀಬೇಕು. ಒಂದೇ ಸಮ ಓಡಿದ್ರೆ ಎತ್ತಿನ ಗಾಡಿ ಥರ ಹಾಗೇ ಇರ್ತೀನಂತೆ."

"ಅಂತೆ. ಯಾರು ಹೇಳಿದ್ದಂತೆ?"

"ಮೇಷ್ಟ್ರು," ಎಂದು ಅವಳು ಟಿಫಿನ್ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೋದಳು.

ಆ ಮಧ್ಯಾಹ್ನ ಅವನು, ಮನೆಯಲ್ಲಿ ಅವಳು ಮೊಳೆಗೆ ತೂಗುಹಾಕಿದ್ದ ಸ್ಟಾಪ್‌ವಾಚ್ ತೆಗೆದು ಹಿಂಬದಿಯ ಮುಚ್ಚಳ ಬಿಚ್ಚಿದ. ಬಿಚ್ಚಿದ ಪ್ರತಿ ಗಡಿಯಾರದ ಮುಚ್ಚಳದೊಳಗೂ ಸೂಜಿಯಿಂದ ತಾರೀಕು ಗೀರುವುದು ಅವನ ರೂಢಿ. ಇದರಲ್ಲೂ ಅವನದೇ ಗೀರಿತ್ತು. ಮೂರು ವರ್ಷದ ಹಿಂದೆ ರಿಪೇರಿಗೆ ತಂದಿದ್ದವರು ಸೀಟಿ ಮೇಷ್ಟ್ರೇ. ಗಡಿಯಾರ ಕೊಡುವಷ್ಟು ಸಲುಗೆ ಯಾವಾಗ ಬಂತು?

ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು, ತುಸು ಮೊಟಕು ಮಾಡಿ ಸಿಕ್ಕಿಸಿದ. ಇನ್ನು ಅದು ಎರಡು ನಿಮಿಷಕ್ಕೆ ಆರು ಸೆಕೆಂಡು ಮುಂದೆ ಹೋಗುತ್ತದೆ. ಎಷ್ಟು ಓಡಿದರೂ ತಾನು ನಿಧಾನ ಅನ್ನಿಸಿ, ಬೇಸತ್ತು ತಾನೇ ಬಿಟ್ಟಾಳು. ಅಷ್ಟೇ ಅವನ ಎಣಿಕೆ.

ಅವಳು ಬಿಡಲಿಲ್ಲ. "ಯಾಕೋ ಕಾಲೇ ಏಳ್ತಿಲ್ಲ ರೀ," ಎನ್ನುತ್ತ ಅರ್ಧ ಗಂಟೆ ಮೊದಲೇ ಎದ್ದು ಹೋದಳು. ಎಂಟು ಸುತ್ತು ಹತ್ತಾಯಿತು. ಮೂರನೆಯ ವಾರ, ಓಟಕ್ಕೆ ಎಂಟೇ ದಿನ ಇದೆಯೆನ್ನುವಾಗ, ತೊಡೆ ಹಿಡಿದುಕೊಂಡು ಕುಂಟುತ್ತ ಅಂಗಡಿಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

"ಇದನ್ನ ಬಿಚ್ಚಿ ನೋಡಿ. ಮೇಷ್ಟ್ರು ಇದು ಮುಂದೆ ಹೋಗ್ತಿದೆ ಅಂತಾರೆ."

"ಇಟ್ಟು ಹೋಗು, ಆಮೇಲೆ ನೋಡ್ತೀನಿ."

"ಈಗಲೇ ನೋಡಿ. ನೀವು ಕೈಯಿಟ್ಟ ಗಡಿಯಾರ ತಪ್ಪೋದೇ ಇಲ್ಲ ಅಂತ ಜಗಳ ಆಡಿ ಬಂದಿದೀನಿ. ಮೊದಲು ಅವರು ಹೊಸದೇ ಕೊಡೋಕೆ ಬಂದಿದ್ರು. ಬೇಡ, ನಮ್ಮೋರ ಗೀರಿರೋ ಹಳೇದೇ ಕೊಡಿ ಅಂತ ನಾನೇ ಇಸ್ಕೊಂಡಿದ್ದು."

ಅವನು ಬಿಚ್ಚಿದ. ಹಳೆಯ ಗೀರಿನ ಕೆಳಗೆ ಇನ್ನೊಂದು, ಹೊಸದಾಗಿ ಹೊಳೆಯುತ್ತಿತ್ತು. ಮೂವತ್ತು ವರ್ಷ ಪಳಗಿದ ಕೈ. ಆ ಮಧ್ಯಾಹ್ನವೂ ಅವನನ್ನು ಕೇಳದೆ ತನ್ನ ಕೆಲಸ ಮುಗಿಸಿತ್ತು.

ಅವಳು ಮುಚ್ಚಳ ತೆಗೆದುಕೊಂಡು, ಮೇಜಿನ ಮೇಲಿದ್ದ ಅವನ ಮಸೂರವನ್ನು ಕಣ್ಣಿಗಿಟ್ಟುಕೊಂಡಳು.

"ಹೋದ ತಿಂಗಳು ಹದಿನೇಳು," ಎಂದು ಓದಿದಳು.

ಅವನು ಚಿಮಟ ಒರೆಸುತ್ತ ಕೂತಿದ್ದ.

"ಹದಿನೆಂಟರಿಂದ ನಾನು ನಿಧಾನ ಆದೆ," ಎಂದಳು, ಬೇರೆ ಯಾರದೋ ಸುದ್ದಿ ಹೇಳುವಂತೆ. ಮುಚ್ಚಳವನ್ನು ಮೇಜಿನ ಮೇಲಿಟ್ಟು ಎದ್ದಳು.

ಅವತ್ತೇ ಸ್ಪ್ರಿಂಗ್ ಸರಿಮಾಡಿ, ಗೋಡೆಯ ಗಡಿಯಾರಕ್ಕೆ ಮತ್ತೆ ಮತ್ತೆ ಹೋಲಿಸಿ, ಮನೆಯ ಬಾಗಿಲ ಬಳಿ ಅವಳ ಬೂಟಿನ ಪಕ್ಕ ಇಟ್ಟ. ಕಸ ಗುಡಿಸುವಾಗ ಅವಳು ದಿನವೂ ಅದನ್ನೆತ್ತಿ, ಗುಡಿಸಿ, ಮತ್ತೆ ಅಲ್ಲೇ ಇಟ್ಟಳು.

ಓಟ ಭಾನುವಾರ, ಅವಳ ತಂಗಿಯ ಊರಲ್ಲಿ. ತೊಡೆಗೆ ಪಟ್ಟಿ ಬಿಗಿದುಕೊಂಡು, ಹಿಂದಿನ ದಿನವೇ ಬಸ್ಸಿಗೆ ಅವಳೊಬ್ಬಳೇ ಹೊರಟಳು. ಬರುವುದು ಯಾವಾಗ ಎಂದು ಅವನು ಕೇಳಲಿಲ್ಲ. ಬೂಟಿದ್ದ ಜಾಗದಲ್ಲಿ ಒಣಮಣ್ಣಿನ ಎರಡು ಗುರುತು ಉಳಿದಿದ್ದವು. ಪಕ್ಕದಲ್ಲಿ ಸ್ಟಾಪ್‌ವಾಚಿನ ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಅವಳು ಹೋದದ್ದು ಶನಿವಾರ, ಬೆಳಗಿನ ಐದೂವರೆಗೆ.