ಅಕ್ಕ ಬಂದು ತೆಗೀತಾಳೆ

ಇಣುಕಮ್ಮ ಎಂದು ಹೆಸರಿಟ್ಟವನು ಅವಳ ತಮ್ಮನೇ. ಅಕ್ಕನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಕಂಡವರ ಮನೆಯೊಳಗೆ ಇಣುಕುವುದು ಅನ್ನುತ್ತಿದ್ದ. ಸುಳ್ಳೇನಲ್ಲ ಬಿಡಿ. ಕಂಪ್ಯೂಟರಿನಲ್ಲಿ ಓಡುವ ಪ್ರತಿ ಪ್ರೋಗ್ರಾಮಿಗೂ ನೆನಪಿನಲ್ಲಿ ಅದರದೇ ಜಾಗ. ಒಂದರ ಮನೆಗೆ ಇನ್ನೊಂದು ಕಾಲಿಡುವಂತಿಲ್ಲ. ಎಲ್ಲ ಮನೆಗಳ ಕೀಲಿಯಿರುವುದು ಕರ್ನಲ್ ಎಂಬ ಯಜಮಾನನ ಹತ್ತಿರ. ಆ ಕೀಲಿ ತಿರುಗಿಸುವ, ಫಂಕ್ಷನ್ ಎಂಬ ಸಣ್ಣ ಕೋಡಿನ ತುಣುಕುಗಳನ್ನು ಬರೆಯುವುದು, ತಿದ್ದುವುದೇ ಇವಳ ಹೊಟ್ಟೆಪಾಡು.

ತಮ್ಮ ಬಸ್ಸು ಓಡಿಸುವವನು. ಹುಟ್ಟಲಿರುವ ಮಗುವಿಗೆಂದು ತಾನೇ ಒಂದು ಜೋಗುಳ ಕಟ್ಟಿ, ಹೆಂಡತಿಗೂ ಕೇಳಿಸದ ಹಾಗೆ ಬಾಗಿಲು ಹಾಕಿಕೊಂಡು ಹಾಡಿ ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ್ದ. ಉಳಿಸಲು ಹೋದರೆ ಆ ದರಿದ್ರ ಪ್ರೋಗ್ರಾಮು ಮರಗಟ್ಟಿ ಕೂತಿತು. ಹಾಡು ಡಿಸ್ಕಿಗೆ ಇಳಿಯಲೇ ಇಲ್ಲ, ಪ್ರೋಗ್ರಾಮಿನ ನೆನಪಿನಲ್ಲೇ ಉಳಿಯಿತು; ಆಫ್ ಮಾಡಿದರೆ ಅದೂ ಹೋದ ಹಾಗೆ. "ಆಫ್ ಮಾಡ್ಬೇಡ, ಅಕ್ಕ ಬಂದು ತೆಗೀತಾಳೆ" ಎಂದು ಹೆಂಡತಿಗೆ ಹೇಳಿ ಡ್ಯೂಟಿಗೆ ಹೋದವನು ಹೆಣವಾಗಿ ಬಂದ. ಎದೆ ಹಿಡಿದುಕೊಂಡಾಗಲೂ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಕೂತವರನ್ನೆಲ್ಲ ಉಳಿಸಿ ಹೋದನಂತೆ. ಅವನ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ.

ತುಂಬಿದ ಬಸುರಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಹಾಸಿಗೆಯನ್ನು ಕಂಪ್ಯೂಟರಿನ ಪಕ್ಕಕ್ಕೇ ಎಳೆದುಕೊಂಡಿದ್ದಳು. ಒಳಗಿನ ಫ್ಯಾನು ಗುಂಯ್ ಅನ್ನುತ್ತಿದ್ದರೆ ಅವಳಿಗೆ ನಿದ್ದೆ. ಯಾರಾದರೂ ಪ್ಲಗ್ಗಿನ ಹತ್ತಿರ ಹೋದರೆ ಹುಲಿಯಾಗುತ್ತಿದ್ದಳು. ಅತ್ತಿಗೆ ತೆಗೆದುಕೊಡುತ್ತಾರೆ ಎಂಬುದೊಂದೇ ಮಾತು.

ಅತ್ತಿಗೆ, ಅಂದರೆ ಇಣುಕಮ್ಮ, ಒಂದು ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂತಳು. ಕರ್ನಲ್ಲಿನಲ್ಲಿ ತರುವುದಕ್ಕೊಂದು, ಹಾಕುವುದಕ್ಕೊಂದು ಎಂದು ಎರಡು ಫಂಕ್ಷನ್ ಇಲ್ಲ, ಒಂದೇ. ಕೊನೆಯಲ್ಲಿ ಕೊಡುವ ಒಂದು ಗುರುತು ನೋಡಿ ಅದು ಇನ್ನೊಬ್ಬರ ಮನೆಯಿಂದ ತರುತ್ತದೆ, ಇಲ್ಲವೇ ಅಲ್ಲಿಗೆ ಹಾಕುತ್ತದೆ. ಆ ಗುರುತನ್ನು ನೋಡಿಕೊಂಡು ಕೊಡ್ರಪ್ಪಾ ಎಂದು ಆಫೀಸಿನಲ್ಲಿ ಹೊಸಬರಿಗೆಲ್ಲ ಬೈದವಳು ಇವಳೇ. ಹೊಸದಾಗಿ ಬರೆಯುವಷ್ಟು ತಾಳ್ಮೆ ಎಲ್ಲಿತ್ತು? ಆಫೀಸಿನಲ್ಲಿ ಆ ವಾರ ಪರೀಕ್ಷೆಗೆಂದು ಬರೆದಿದ್ದ ಚಿಕ್ಕ ಕೋಡನ್ನೇ ತಂದು, ಹಾಡಿರುವ ವಿಳಾಸ ಹುಡುಕಿ ತುಂಬಿ, ಬರುವ ಹಾಡಿಗೆ ಖಾಲಿ ಜಾಗ ಮಾಡಿಟ್ಟು ಓಡಿಸಿದಳು.

ಕೇಳಿದಷ್ಟೂ ಸಾಗಿದೆ, ಒಂದು ಬೈಟೂ ಕಮ್ಮಿಯಿಲ್ಲ ಎಂದು ಉತ್ತರ ಬಂತು. ಸಿಕ್ಕಿತು ಎಂದು ಅವಳು ಕೂಗಿದಳು. ಅಡುಗೆಮನೆಯಿಂದ ಬಸುರಿ ಗೋಡೆ ಹಿಡಿದುಕೊಂಡು ಓಡಿಬಂದಳು.

ಹಾಡು ಕೇಳಿಸಲು ಹೋದರೆ ಸದ್ದೇ ಇಲ್ಲ. ವಾಲ್ಯೂಮ್ ಏರಿಸಿದಳು, ಇಲ್ಲ. ಆಗ ಕೋಡಿನ ಕೊನೆಯ ಗುರುತು ಕಣ್ಣಿಗೆ ಬಿತ್ತು. ಆ ವಾರ ಆಫೀಸಿನಲ್ಲಿ ಪರೀಕ್ಷೆ ಮಾಡುತ್ತಿದ್ದದ್ದು ಹಾಕುವುದನ್ನು, ತರುವುದನ್ನಲ್ಲ. ಇವಳ ಖಾಲಿ ಜಾಗವೇ ಹೋಗಿ ತಮ್ಮನ ಹಾಡಿನ ಮೇಲೆ ಕೂತಿತ್ತು. ಗುರುತು ತಿದ್ದಿ ಮತ್ತೆ ಇಣುಕಿದಳು. ಉದ್ದಕ್ಕೂ ಸೊನ್ನೆ. ಆನೆಯಂಥದೂ ಮುಗ್ಗರಿಸುತ್ತದೆ ಅನ್ನುತ್ತಾರೆ. ಮುಗ್ಗರಿಸಿದ ಆನೆಯ ಕೆಳಗೆ ಏನು ಸಿಕ್ಕಿತ್ತು ಎಂದು ಯಾರೂ ಕೇಳುವುದಿಲ್ಲ.

ಸುಳ್ಳು ಹೇಳಬಹುದಿತ್ತು. ಮೊದಲೇ ಹಾಳಾಗಿತ್ತು ಅಂದಿದ್ದರೆ ನಂಬುತ್ತಿದ್ದಳು ಪಾಪ. ಆದರೆ ಅವನು ನಂಬಿ ಬಿಟ್ಟುಹೋದದ್ದು ಅಕ್ಕನನ್ನು.

"ಹಾಡು ಇತ್ತಮ್ಮ. ನಾನೇ ಅಳಿಸ್ಬಿಟ್ಟೆ."

ಬಸುರಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮಗಾದ್ರೂ ಸ್ವಲ್ಪ ಕೇಳಿಸ್ತಾ ಅತ್ತಿಗೆ?"

ಇಣುಕಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಆಫ್ ಮಾಡಿ."

ಇಣುಕಮ್ಮ ಗುಂಡಿ ಒತ್ತಿ ಹಿಡಿದಳು. ಫ್ಯಾನು ನಿಧಾನವಾಗಿ ತಿರುಗಿ ನಿಂತಿತು. ಆಗ, ಅವನು ಹೋದ ಮೇಲೆ ಮೊದಲ ಸಲ, ಬಸುರಿ ಹಾಸಿಗೆಯ ಮೇಲೆ ಕುಸಿದು ಕೂತು ಬಾಯಿಬಿಟ್ಟು ಅತ್ತಳು.