ನಾಲಿಗೆ ಕೇಳಿದ ಯುದ್ಧ

ಜರ್ಮನ್ ದೊರೆ ಎಲ್ಲಿದ್ದಾನೆಂದು ನಮ್ಮ ಬಿಡಾರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ನಮ್ಮನ್ನಾಳುವ ರಷ್ಯದ ಝಾರ್ ದೊರೆಗೂ ಯುದ್ಧ ಹತ್ತಿ ಎರಡು ವರ್ಷವಾಗಿತ್ತು. ಮೊದಲು ಅದು ನಮ್ಮ ಕುದುರೆಗಳನ್ನು ಒಯ್ದಿತು. ಆಮೇಲೆ ಕುರಿ, ಕಂಬಳಿ. ಆ ಬೇಸಿಗೆಯಲ್ಲಿ ಗಂಡಸರನ್ನೇ ಕೇಳಿತು.

ಆಜ್ಞೆ ಓದಲು ಬಂದವನು ಒಂದು ರಷ್ಯನ್ ಮಾತನ್ನು ಬಿಡಿಸಿ ಹೇಳದೆ ಹಾಗೇ ಬಿಟ್ಟ: ಗಂಡಸರು ‘ತಿಲ್’ಗೆ ಬೇಕು. ರಷ್ಯನ್ನರಿಗೆ ಅದು ಸೈನ್ಯದ ಬೆನ್ನ ಹಿಂದಿನ ಜಾಗ. ನಮ್ಮ ಕಿರ್ಗಿಜ್ ಮಾತಿನಲ್ಲಿ ತಿಲ್ ಅಂದರೆ ನಾಲಿಗೆ. ಸಂಜೆಯೊಳಗೆ ಇಸ್ಸಿಕ್ ಕುಲ್ ಸರೋವರದ ಈ ದಡದಲ್ಲೆಲ್ಲ ಅದೇ ಸುದ್ದಿ: ನಾಲಿಗೆ ಕತ್ತರಿಸಿ ದುಡಿಸುತ್ತಾರಂತೆ, ಮೂಗರು ದಂಗೆ ಏಳುವುದಿಲ್ಲವಲ್ಲ. ನಗಬೇಡಿ. ನಮ್ಮ ಹುಲ್ಲುಗಾವಲು ಕಿತ್ತುಕೊಂಡವರು ನಾಲಿಗೆ ಕೀಳಲಾರರು ಎಂದು ನಂಬಲು ನಮಗೆ ಕಾರಣವೇ ಇರಲಿಲ್ಲ.

ನನ್ನ ಗಂಡ ಶೆರ್ಗಾಜಿ ಕರಕೋಲ್ ಪೇಟೆಯ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತವನು; ರಷ್ಯನ್ ಬರುತ್ತಿತ್ತು. ತಂದೆಗೆ ಬಿಡಿಸಿ ಹೇಳಿದ. "ನಾಲಿಗೆ ಅಲ್ಲಪ್ಪಾ. ಗುಂಡಿ ತೋಡೋದು, ಮರ ಕಡಿಯೋದು, ಅಷ್ಟೆ. ನಾನು ಹೋಗ್ತೀನಿ. ನೀವು ಇಲ್ಲೇ ಇರಿ. ಕೂಸು ಕಟ್ಕೊಂಡು ಚೀನಾಕ್ಕೆ ಅಂತ ಆ ಹಿಮದ ಘಟ್ಟ ದಾಟ್ಬೇಡಿ."

ಮಾವ ಬೈಸಾಲ್ ಕೂತಲ್ಲಿಂದ ಏಳಲಿಲ್ಲ. "ಗಿರಣಿ ಹಿಟ್ಟು ತಿಂದು ತಿಂದು ನಿನ್ ತಲೇಲೂ ಅದೇ ತುಂಬಿದೆ. ಹೋಗು, ಬಾಯಿ ತೆಗೆದು ತೋರ್ಸು ಅವ್ರಿಗೆ. ಮೊಮ್ಮಗನ್ನ ಮಾತ್ರ ನಾನು ಬಿಡಲ್ಲ, ಚೀನಾಕ್ಕೆ ಒಯ್ತೀನಿ" ಎಂದ.

ಮೊಮ್ಮಗ ಎಂದರೆ ನನ್ನ ಟೊಕ್ಟೊ. ಅವನಿಗಿಂತ ಮೊದಲಿನ ಕೂಸುಗಳು ಉಳಿಯದ್ದರಿಂದ ಅವನಿಗೆ ‘ನಿಲ್ಲು’ ಎಂದೇ ಹೆಸರಿಟ್ಟಿದ್ದೆವು. ಇನ್ನೂ ಹಾಲು ಕುಡಿಯುತ್ತಿದ್ದ. ಗಂಡ ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಆದರೆ ನಮ್ಮಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವಂತಿಲ್ಲ. ಕೂಸೂ ನಾನೂ ಇಲ್ಲೇ ಉಳಿಯುತ್ತೇವೆಂದು ಅತ್ತೆಯ ಕಿವಿಯಲ್ಲಿ ಹೇಳಿದೆ, ಅವಳು ಅವನಿಗೆ ದಾಟಿಸಿದಳು. ಉತ್ತರವನ್ನೂ ಅವನು ಅವಳಿಗೇ ಕೊಟ್ಟ: "ಇರೋದಾದ್ರೆ ಅವ್ಳು ಇರ್ಲಿ. ಕೂಸಿಗೆ ಆಡಿನ ಹಾಲಿದೆ."

ಕೂಸನ್ನು ಬಿಟ್ಟು ಇರುವ ತಾಯಿ ಯಾವಳು? ಶೆರ್ಗಾಜಿ ಪೇಟೆಯ ದಾರಿ ಹಿಡಿದ, ನಾನು ಮಾವನ ಹಿಂದೆ ಹೊರಟೆ. ನದಿಯಾಚೆಯ ಬಿಡಾರದವರು ಗಂಡಸರನ್ನು ಒಪ್ಪಿಸಿ ಅಲ್ಲೇ ಉಳಿದರು. ಅವರನ್ನು ಯಾರೂ ಮುಟ್ಟಲಿಲ್ಲ. ಓಡಿದ ನಮ್ಮ ಬೆನ್ನು ಹತ್ತಿದ್ದು ಝಾರ್‌ನ ಕೊಸಾಕ್ ಸವಾರರು, ದಂಗೆಕೋರರೆಂದು.

ಚೀನಾ ಗಡಿಯ ಬೆದೆಲ್ ಘಟ್ಟದಲ್ಲಿ ಸತ್ತ ದನಗಳ ಮೇಲೆ ಕಾಲಿಟ್ಟು ಹತ್ತಿದೆವು. ನನ್ನ ಹಾಲು ಬತ್ತಿತು. ಆಡುಗಳು ಘಟ್ಟದ ಬುಡದಲ್ಲೇ ಸತ್ತಿದ್ದವು. ಹುರಿಹಿಟ್ಟನ್ನು ಹಿಮದ ನೀರಲ್ಲಿ ಕಲಸಿ ಬಾಯಿಗಿಟ್ಟರೆ ಕೂಸು ನುಂಗಲಿಲ್ಲ. ನೆತ್ತಿ ತಲುಪುವಾಗ ಎದೆಗೆ ಕಟ್ಟಿದ್ದ ಟೊಕ್ಟೊ ತಣ್ಣಗಾಗಿದ್ದ. ನೆಲ ಅಗೆಯಲು ಆಗಲಿಲ್ಲ. ಮಾವ ಕಲ್ಲು ಪೇರಿಸಿದ.

ಚೀನಾದ ಕಡೆ ಅತ್ತೆಯೂ ಜ್ವರ ಬಂದು ಸತ್ತಳು. ಆಮೇಲೆ ಮಾವನಿಗೂ ನನಗೂ ನಡುವೆ ಮಾತು ದಾಟಿಸುವವರಿಲ್ಲ. ಚಳಿಗಾಲವಿಡೀ ಒಂದೇ ಒಲೆಯ ಮುಂದೆ ಸುಮ್ಮನೆ ಕೂತೆವು.

ವಸಂತದಲ್ಲಿ ಝಾರ್ ಬಿದ್ದನೆಂಬ ಸುದ್ದಿ ಬಂತು, ಹಿಂದಿರುಗಿದೆವು. ಜಗತ್ತಿನ ಉಳಿದವರಿಗೆ ಆ ಯುದ್ಧ ಮುಗಿಯಲು ಮತ್ತೂ ಒಂದು ವರ್ಷದ ಮೇಲೆ ಹಿಡಿಯಿತಂತೆ, ದೊಡ್ಡವರು ಕೂತು ಸಹಿ ಹಾಕಿದರಂತೆ. ಹಾಕಿಕೊಳ್ಳಲಿ. ನಮಗೆ ಅದು ಮುಗಿದದ್ದು ಶೆರ್ಗಾಜಿ ಬಂದ ಮಧ್ಯಾಹ್ನ. ಮಿನ್ಸ್ಕ್ ಕಡೆ ಕಾಡು ಕಡಿದು, ಕೆಮ್ಮು ಹತ್ತಿಸಿಕೊಂಡು, ಆದರೆ ಇಡಿಯಾಗಿ ಬಂದಿದ್ದ. ಬಟ್ಟೆಯ ಗಂಟಿನಲ್ಲಿ ಸಕ್ಕರೆ ಹರಳು.

"ಟೊಕ್ಟೊ ಓಡ್ತಾನೇನೇ ಈಗ?" ಎಂದು ಕೇಳಿದ.

ಮಾವ ತಲೆ ಎತ್ತದೆ ಲಗಾಮು ಹೊಲಿಯುತ್ತಲೇ ಇದ್ದ. ನಾನು ಹೋಗಿ ಅವನ ಎದುರು ನಿಂತೆ.

"ನೀವೇ ಹೇಳಿ, ಮಾವಾ."

ಅವನು ಹೇಳಿದ. ಘಟ್ಟ, ಹಿಮ, ಕಲ್ಲು ಪೇರಿಸಿದ ಜಾಗ, ಎಲ್ಲ ಹೇಳಿದ. ಬೇಡವೆಂದರೂ ಕೂಸನ್ನು ಒಯ್ದದ್ದು ಯಾರು ಎಂಬುದೊಂದನ್ನು ಬಿಟ್ಟ. ಅದನ್ನು ನಾನು ಹೇಳಿದೆ.