ವಿಮಾನದ ಬಯಲಿನ ಕನಾತು

ಒಂಬತ್ತಕ್ಕೆ ಬರಬೇಕಾದ ವಿಮಾನ ಹತ್ತು ಗಂಟೆಯಾದರೂ ಬಂದಿರಲಿಲ್ಲ. ಬಸವಂತಮ್ಮ ನಿಂತಲ್ಲಿ ನಿಲ್ಲಲಾರದೆ ಚೀಲವನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಿಸುತ್ತಿದ್ದಳು. ಮಾನ್ವಿಯ ಬಸ್ಸು ರಾಯಚೂರು ಬಿಡುವುದು ಒಂದಕ್ಕೆ. ಅದು ತಪ್ಪಿದರೆ ಇವತ್ತು ಮನೆ ಸೇರುವಂತಿಲ್ಲ. ನಾಳೆ ಬೆಳಿಗ್ಗೆ ಮಸರಕಲ್ಲಿನಿಂದ ಬೀಗರು ಬಂಡಿ ಕಟ್ಟಿಕೊಂಡು ಬರುತ್ತಾರೆ, ಸೂಗಮ್ಮನನ್ನು ಕರೆದೊಯ್ಯಲು. ಮಗಳನ್ನೂ ಕರೆದುಕೊಂಡು ಹೋಗಿ ಅವಳಿಗೆ ಸೀರೆ ಬಳೆ ತರುತ್ತೇನೆ, ಅಣ್ಣನ ಮನೆಯಲ್ಲಿ ಒಂದು ರಾತ್ರಿ ಇದ್ದು ಬರುತ್ತೇನೆ ಎಂದು ಗಂಡ ವಿರೂಪಣ್ಣನಿಗೆ ಹೇಳಿ ಬಂದಿದ್ದಳು. ಸೀರೆ ಚೀಲದಲ್ಲಿತ್ತು. ಬಳೆಯೂ ಇದ್ದವು. ಆದರೆ ಅವಳು ಬಂದದ್ದು ಅದಕ್ಕಲ್ಲ.

ಸೂಗಮ್ಮನಿಗೆ ಹದಿಮೂರು. ಮದುವೆಯಾಗಿ ಎರಡು ವರ್ಷ, ಮೈನೆರೆದು ಆರು ತಿಂಗಳು. ಹೋದ ದೀಪಾವಳಿಗೆ ಹತ್ತು ದಿನ ಗಂಡನ ಮನೆಯಲ್ಲಿದ್ದು ಬಂದವಳು ಮಾತು ಕಡಿಮೆ ಮಾಡಿದ್ದಳು. ಹೊಡೆದರಾ ಅಂದರೆ ಇಲ್ಲ, ಬೈದರಾ ಅಂದರೆ ಇಲ್ಲ. ಬಹಳ ಕೇಳಿದ ಮೇಲೆ ಒಂದು ಸಲ, "ಅಲ್ಲಿ ಯಾರೂ ನನ್ನ ಹೆಸರು ಹಿಡಿದು ಕರಿಯಂಗಿಲ್ಲ ಯವ್ವಾ," ಎಂದಿದ್ದಳು. ಬಸವಂತಮ್ಮ ನಕ್ಕುಬಿಟ್ಟಿದ್ದಳು. ನಕ್ಕದ್ದು ತಪ್ಪಾಯಿತೇನೋ ಎಂದು ಆಮೇಲೆ ರೊಟ್ಟಿ ಬಡಿಯುವಾಗ, ನೀರು ಸೇದುವಾಗ ನೆನೆಸಿಕೊಂಡಿದ್ದಳು. ಬೀಗರು ಬರುವ ದಿನ ಗೊತ್ತಾದಾಗಿನಿಂದ ಹುಡುಗಿ ಊಟ ಬಿಟ್ಟಳು. ಮೂರನೆಯ ದಿನ ತಾನಾಗಿಯೇ ಹತ್ತಿರ ಬಂದು ಕೂತು, "ಒಂದೇ ಒಂದು ಸಲ ಪಾರ್ವತಿಬಾಯಿನ್ನ ತೋರಸು. ಆಮ್ಯಾಲ ಎಲ್ಲಿಗೆ ಅಂತಿ ಅಲ್ಲಿಗೆ ಹೋಗ್ತೀನಿ, ಕಣ್ಣಾಗ ನೀರು ತೆಗಿಯಂಗಿಲ್ಲ," ಎಂದಳು.

ಪಾರ್ವತಿಬಾಯಿ ಗದಗಿನ ಕಡೆಯ ನಾಟಕದವಳು, ಈಗ ಸಿನಿಮಾದವಳು. ಮಾನ್ವಿಗೆ ಡೇರೆ ಟಾಕೀಸು ಬಂದಿದ್ದಾಗ ಸೂಗಮ್ಮ ಒಂದು ರಾತ್ರಿ ಒಳಗೆ ಕೂತು ನೋಡಿದ್ದಳು, ಉಳಿದ ರಾತ್ರಿಗಳಲ್ಲಿ ಮನೆಯ ಕಟ್ಟೆಯ ಮೇಲೆ ಕೂತು ಗಾಳಿಯಲ್ಲಿ ತೇಲಿಬರುತ್ತಿದ್ದ ಹಾಡು ಕೇಳಿದ್ದಳು. ಆ ಪಾರ್ವತಿಬಾಯಿ ಹೈದರಾಬಾದಿನ ಒಬ್ಬ ನವಾಬರ ಮನೆ ಮದುವೆಯಲ್ಲಿ ಹಾಡಲು, ಅವರದೇ ವಿಮಾನದಲ್ಲಿ ಹೋಗುತ್ತಾಳೆ, ಪೆಟ್ರೋಲು ಹಾಕಿಸಲು ರಾಯಚೂರಿನಲ್ಲಿ ಅರ್ಧ ಗಂಟೆ ಇಳಿಯುತ್ತಾಳೆ ಎಂಬ ಸುದ್ದಿಯನ್ನು ಕಳಿಸಿದವನು ಬಸವಂತಮ್ಮನ ಅಣ್ಣ ಶಂಭುಲಿಂಗಪ್ಪ. ಯುದ್ಧದ ಕಾಲದಲ್ಲಿ ಊರಾಚೆ ಸಮ ಮಾಡಿದ ಆ ಬಯಲಿಗೆ ಅವನೇ ಕಾವಲುಗಾರ. ಎಮ್ಮೆ ಆಡು ಓಡಿಸುವುದು, ನೆಲಕ್ಕೆ ಸುಣ್ಣದ ಗೆರೆ ಎಳೆಯುವುದು, ವಿಮಾನದ ಸದ್ದು ಕೇಳಿದೊಡನೆ ಹಸಿ ಹುಲ್ಲಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸುವುದು ಅವನ ಕೆಲಸ. ಗಾಳಿ ಎತ್ತ ಬೀಸುತ್ತಿದೆ ಎಂದು ಮೇಲಿದ್ದವನಿಗೆ ತಿಳಿಯುವುದು ಆ ಹೊಗೆಯಿಂದಲೇ.

ತಂಗಿಗೆ ಮಾತ್ರ ಹೇಳಿದ್ದೇನೆ ಎಂದು ಅವನು ಆಣೆ ಮಾಡುತ್ತಿದ್ದ. ಆದರೆ ಬಯಲಿನ ಅಂಚಿಗೆ ಅರ್ಧ ರಾಯಚೂರು ನೆರೆದಿತ್ತು. ಹತ್ತಿ ಗಿರಣಿಯವರು, ಅಕ್ಕಿ ಗಿರಣಿಯ ಮಾಲಕರು, ಸಿರವಾರದಿಂದ ಬಂದ ವ್ಯಾಪಾರಿಗಳು, ಹಾರ ಹಿಡಿದ ವಕೀಲರು. ಸಾಲದ್ದಕ್ಕೆ ಶೇಂಗಾ ಮಾರುವವರು ಬೇರೆ.

"ಯಣ್ಣಾ, ಇನ್ನಾ ಎಷ್ಟೊತ್ತು?" ಬಸವಂತಮ್ಮ ಕೇಳಿದಳು.

"ನನ್ನ ಕೇಳ್ತಿ ಅಲ್ಲ ಬೇ, ನಾ ಏನ್ ಅದಕ್ಕ ಕಣ್ಣಿ ಹಗ್ಗ ಕಟ್ಟೀನಿ?"

ಸೂಗಮ್ಮ ತಾಯಿಯ ಪಕ್ಕದಲ್ಲೇ ಇದ್ದಳು. ಕತ್ತು ಮೇಲೆತ್ತಿ ನಿಂತವಳು ನಿಂತೇ ಇದ್ದಳು.

ಅಷ್ಟರಲ್ಲಿ ಪರದೆ ಕಟ್ಟಿದ ಒಂದು ಟಾಂಗಾ ಬಂದು ನಿಂತಿತು. ಜಿಲ್ಲೆಗೇ ದೊಡ್ಡ ಅಧಿಕಾರಿಯಾದ ತಾಲ್ಲೂಕುದಾರ ಸಾಹೇಬರ ಬಂಗಲೆಯ ಮುದುಕಿ ಮಹಬೂಬೀ ಇಳಿದು, ಬುರ್ಖಾ ತೆಗೆದು ಸೀಟಿನ ಮೇಲೆ ಮಡಿಸಿಟ್ಟಳು. ಹಿಂದೆಯೇ ಬಂದ ಕೈಬಂಡಿಯಿಂದ ಇಬ್ಬರು ಆಳುಗಳು ಒಂದು ಕನಾತು ಇಳಿಸಿದರು. ಕೋಲುಗಳಿಗೆ ಹೊಲಿದ, ಆಳೆತ್ತರದ ಬಟ್ಟೆಯ ಗೋಡೆ. ದೊಡ್ಡ ಮನೆಯ ಹೆಂಗಸರು ರೈಲಿನಿಂದ ಇಳಿದು ಗಾಡಿ ಹತ್ತುವವರೆಗೆ ಅದನ್ನು ಸುತ್ತ ಹಿಡಿದು ನಡೆಯುವುದು ರಿವಾಜು. ಒಳಗೆ ಗಂಡಸರು ಕಾಲಿಡುವಂತಿಲ್ಲ, ಹೊರಗಿದ್ದವರು ಇಣುಕುವಂತಿಲ್ಲ. ವಿಮಾನ ನವಾಬರದು, ಇಳಿಯುವವಳು ಹೆಂಗಸು ಎಂದು ಬಂಗಲೆಗೆ ಕಾಗದ ಬಂದಿತ್ತು. ಅಲ್ಲಿಯವರು ಹಿಂದೆಮುಂದೆ ವಿಚಾರಿಸದೆ ಕನಾತು ಕಳಿಸಿದ್ದರು.

ಜನ ಹೌಹಾರಿದರು.

"ಸಾವಿರ ಮಂದಿ ಮುಂದ ಕುಣಿಯಾಕಿಗೆ ಕನಾತು ಯಾಕ್ರೀ ಅಮೀನ್ ಸಾಬ್ರ?"

"ನಾವೇನ್ ಬಟ್ಟಿ ನೋಡಾಕ ಬಂದೀವಾ? ಬಟ್ಟಿ ನಮ್ಮ ಅಂಗಡ್ಯಾಗ ಬೇಕಾದಷ್ಟು ಅದ!"

ಪೊಲೀಸ್ ಅಮೀನ್ ಸಾಹೇಬರು ಬೆತ್ತ ತೊಡೆಗೆ ಬಡಿದುಕೊಂಡರು. "ಹುಕುಂ ಅಂದ್ರ ಹುಕುಂ. ಹಿಂದಕ ಸರೀರಿ."

ಸೂಗಮ್ಮನ ಮುಖ ಬಾಡಿದ್ದನ್ನು ಬಸವಂತಮ್ಮ ನೋಡಿದಳು. ಅಳಲಿಲ್ಲ ಹುಡುಗಿ. ಮೇಲೆತ್ತಿದ್ದ ಕತ್ತನ್ನು ಸುಮ್ಮನೆ ಕೆಳಗಿಳಿಸಿದಳು. ಅತ್ತಿದ್ದರೇ ಚೆನ್ನಾಗಿತ್ತು ಎನ್ನಿಸಿತು ತಾಯಿಗೆ.

ಆರು ಕೋಲಿಗೆ ಆರು ಹೆಂಗಸರು ಬೇಕು. ಮಹಬೂಬೀ ಕರೆತಂದಿದ್ದವರು ಐವರು. ಮುದುಕಿ ಸೊಂಟದ ಮೇಲೆ ಕೈಯಿಟ್ಟು ಗುಂಪಿನಲ್ಲಿ ಕಣ್ಣಾಡಿಸಿದಳು. ಬಸವಂತಮ್ಮನ ಕಾಲು ತಾನಾಗಿಯೇ ಮುಂದಾಯಿತು.

"ಬೂಬವ್ವಾ, ನಮ್ಮ ಹುಡುಗಿ ಹಿಡಿತಾಳ್ರಿ."

"ಈ ಕಡ್ಡಿ? ಗಾಳಿ ಬಂದ್ರ ಕೋಲಿನ ಸಂಗಾಟ ಹಾರಿ ಹೋಗ್ತಾಳ. ನೀ ಬಾ."

"ನನಗ ರಟ್ಟಿ ನೋವದ್ರಿ," ಎಂದು ಬಸವಂತಮ್ಮ ಸುಳ್ಳು ಹೇಳಿದಳು. "ಆಕಿ ದಿನಾ ಎರಡು ಕೊಡ ನೀರು ಹೊರತಾಳ. ನೋಡ್ರಿ ಕೈ." ಮಗಳ ಕೈ ಎಳೆದು ಅಂಗೈ ಬಿಡಿಸಿ ತೋರಿಸಿದಳು.

ಮಹಬೂಬೀ ಆ ಕೈ ನೋಡಿದಳು, ತಾಯಿಯ ಮುಖ ನೋಡಿದಳು. "ಬಾರಮ್ಮಾ. ಕೋಲು ಬಿಟ್ಟಿ ಅಂದ್ರ ನನ್ನ ನೌಕರಿ ಹೋಗ್ತದ."

ಸೂಗಮ್ಮ ಓಡಿದಳು. ಹಿಂತಿರುಗಿ ಕೂಡ ನೋಡಲಿಲ್ಲ.

ಸದ್ದು ಬಂತು. ಶಂಭುಲಿಂಗಪ್ಪನ ಹೊಗೆ ಮೇಲೆದ್ದು ಬಾಗಿತು. ವಿಮಾನ ಬಯಲಿನ ಮೇಲೆ ಒಂದು ಸುತ್ತು ಹೊಡೆದು, ಇಳಿದು, ಎರಡು ಸಲ ಕುಪ್ಪಳಿಸಿ, ಧೂಳೆಬ್ಬಿಸಿ ನಿಂತಿತು. ಧೂಳು ಅಡಗುವುದರೊಳಗೆ ಕನಾತು ಅದರ ಬಾಗಿಲಿಗೆ ಹೋಗಿ ನಿಂತಾಗಿತ್ತು. ಜನಕ್ಕೆ ಕಂಡದ್ದು ಬಟ್ಟೆಯ ಕೆಳಗೆ ನಾಲ್ಕು ಬೆರಳಿನಷ್ಟು ಹಸಿರು ಸೀರೆಯ ಅಂಚು.

"ಹಸಿರು ಸೀರಿ! ನಾ ನೋಡಿದೆ!"

"ಕನ್ನಡಕ ಒರಸ್ಕೋ ವಕೀಲಪ್ಪಾ, ಅದು ಮಹಬೂಬೀ ಸಲ್ವಾರು!"

ಕನಾತು ಮೆಲ್ಲಗೆ ನಡೆದು ಬಯಲಿನ ಒಂಟಿ ಬೇವಿನ ಮರದ ಕೆಳಗೆ ನಿಂತಿತು. ಕೋಲು ಹಿಡಿದವರೂ ಒಳಗೇ. ಶಂಭುಲಿಂಗಪ್ಪ ಪೆಟ್ರೋಲಿನ ಡಬ್ಬಿಗಳನ್ನು ಹೊತ್ತು ಹಾಕತೊಡಗಿದ. ಡಬ್ಬಿ ಜೋಡಿಸುವ ನೆಪದಲ್ಲಿ ಬಸವಂತಮ್ಮ ಅಣ್ಣನ ಹಿಂದೆಯೇ ಸರಿದು ಮರದ ಹತ್ತಿರ ಬಂದು ನಿಂತಳು. ಒಳಗೆ ಯಾರೋ ಕಕ್ಕುವ ಸದ್ದು, ನೀರು ಚೆಲ್ಲಿದ ಸದ್ದು. ಆಮೇಲೆ ಏನೂ ಇಲ್ಲ.

ಅರ್ಧ ಗಂಟೆ ಇದ್ದದ್ದು ಮುಕ್ಕಾಲಾಯಿತು, ವಿಮಾನ ಇಳಿದು ಒಂದು ತಾಸೇ ಆಯಿತು. ಪೆಟ್ರೋಲು ತುಂಬಿಯಾಯಿತು. ವಿಮಾನ ನಡೆಸುವವನು ರೆಕ್ಕೆಯ ನೆರಳಲ್ಲಿ ಕೂತು ಎರಡು ಸಿಗರೇಟು ಸುಟ್ಟ. ಪಾರ್ವತಿಬಾಯಿಯ ಜೊತೆ ವಿಮಾನದಲ್ಲಿ ಬಂದಿದ್ದ, ಕೋಟು ತೊಟ್ಟ ಸಣಕಲು ಮ್ಯಾನೇಜರು ಕನಾತಿನ ಹತ್ತಿರ ಬಂದು ಬಟ್ಟೆಗೆ ಬಾಯಿ ಹಚ್ಚಿದ.

"ಬಾಯೀ, ಟೈಮ್ ಆತ್ರೀ."

ಒಳಗಿಂದ ಒಂದು ದನಿ. ಹಾಡಿನ ದನಿಯಲ್ಲ, ಒಣಗಿದ, ಸಾದಾ ದನಿ. "ನಾ ಹತ್ತಂಗಿಲ್ಲ."

"ಹಂಗಂದ್ರ ಹ್ಯಾಂಗ್ರೀ? ನವಾಬ್ರು ಕಾಯ್ತಿರ್ತಾರ. ಇನ್ನ ಒಂದು ತಾಸಿನ ದಾರಿ, ಕಣ್ಣು ಮುಚ್ಚಿಕೊಂಡು ಕೂತ್ರ—"

"ಬರೋವಾಗ ಕಣ್ಣು ಮುಚ್ಚಿಕೊಂಡೇ ಇದ್ದೆ. ಹತ್ತಂಗಿಲ್ಲ. ರಾತ್ರಿ ಮೇಲ್ ಗಾಡಿಗೆ ಬರ್ತೀನಿ. ಮದುವಿ ನಾಡಿದ್ದು ಅದ."

ಮ್ಯಾನೇಜರು ಸುತ್ತ ನೋಡಿದ. ಬೇರೆ ಕಡೆಯಾಗಿದ್ದರೆ ಒಳಗೆ ನುಗ್ಗಿ ಕೈ ಹಿಡಿದು ಎಳೆದು ತರುತ್ತಿದ್ದನೇನೋ. ಇಲ್ಲಿ ಅವನಿಗೂ ಅವಳಿಗೂ ನಡುವೆ ಒಂದು ಬಟ್ಟೆ. ಅದರ ಆಚೆ ಬೆತ್ತ ಹಿಡಿದ ಅಮೀನರು. ಅಮೀನರ ಆಚೆ ಇಡೀ ಊರು. ಅವನು ಬೇಡಿದ, ಹೆದರಿಸಿದ, ಮತ್ತೆ ಬೇಡಿದ. ಅವಳ ಮಾತು ಬದಲಾಗಲಿಲ್ಲ. ಕೊನೆಗೆ ಅವನು ಹಣೆ ಒರೆಸಿಕೊಂಡು, "ಹಾರ್ಮೋನಿಯಂ, ಪೆಟ್ಟಿಗಿ ತಗೊಂಡು ನಾನರೇ ಹೋಗ್ತೀನಿ. ಆದ್ರ ಈ ಮಂದಿಗೆ ಗೊತ್ತಾದ್ರ ಸ್ಟೇಷನ್ ತನಕ ಬೆನ್ನು ಬಿಡಂಗಿಲ್ಲ ನೋಡ್ರಿ," ಎಂದ.

ಕನಾತಿನ ಸಂದಿಯಿಂದ ಮಹಬೂಬೀಯ ತಲೆ ಹೊರಗೆ ಬಂತು. ಹತ್ತಿರದಲ್ಲಿ ಕಂಡ ಹೆಂಗಸು ಬಸವಂತಮ್ಮ ಒಬ್ಬಳೇ. "ಏ ಬೇಟೀ, ಟಾಂಗಾದಾಗ ನನ್ನ ಬುರ್ಖಾ ಅದ, ತಾ. ಬಾಯಿ ಬಿಟ್ಟಿ ಅಂದ್ರ ನೋಡು!"

ಬಸವಂತಮ್ಮ ಚೀಲದ ಅಡಿಯಲ್ಲಿ ಬುರ್ಖಾ ಮುಚ್ಚಿಕೊಂಡು ತಂದು ಕನಾತಿನ ಕೆಳಗಿನಿಂದ ಒಳಗೆ ತಳ್ಳಿದಳು. ಒಂದು ಕೈ ಅದನ್ನು ತೆಗೆದುಕೊಂಡಿತು. ಎರಡು ಉಂಗುರ, ಬಣ್ಣ ಹಚ್ಚಿದ ಉಗುರು. ಆ ಕೈ ನಡುಗುತ್ತಿತ್ತು. ಬಸವಂತಮ್ಮನ ಬೆರಳಿಗೆ ತಾಗಿದಾಗ ಅದು ಬಾವಿಯ ಹಗ್ಗದಂತೆ ತಣ್ಣಗಿತ್ತು. ಪಾರ್ವತಿಬಾಯಿಯನ್ನು ಅವಳು ನೋಡಿದ್ದು ಅಷ್ಟೇ.

ಕನಾತು ಮತ್ತೆ ವಿಮಾನದ ಬಾಗಿಲವರೆಗೂ ನಡೆಯಿತು. ಒಂದು ಗಳಿಗೆ ನಿಂತಿತು. ಮ್ಯಾನೇಜರು ಹತ್ತಿದ. ಕನಾತು ಮರದ ಕಡೆಗೆ ಮರಳಿತು. ಈಗ ಅದನ್ನು ನೋಡುವವರು ಯಾರೂ ಇರಲಿಲ್ಲ. ಬಾಯಿ ಹತ್ತಿಯಾಯಿತೆಂದು ಎಲ್ಲರ ಕಣ್ಣೂ ವಿಮಾನದ ಸಣ್ಣ ಕಿಟಕಿಯ ಮೇಲೆ. ಯಂತ್ರ ಗುಡುಗಿತು. ಹಾರಗಳು ಧೂಳಿನಲ್ಲಿ ಬಿದ್ದು ಹೊರಳಿದವು. ಅಮೀನರನ್ನೂ ಲೆಕ್ಕಿಸದೆ ಜನ ಬಯಲಿಗೆ ನುಗ್ಗಿ, ಏಳುತ್ತಿದ್ದ ವಿಮಾನದ ಹಿಂದೆ ರುಮಾಲು ಬೀಸುತ್ತ ಓಡಿದರು.

"ಕೈ ಮಾಡಿದ್ಳಪಾ! ನನಗೇ ಮಾಡಿದ್ಳು!"

"ಹೋಗಲೇ, ನಿನ್ನ ಮಾರಿ ನೋಡಿ ಕಣ್ಣು ಮುಚ್ಚಿಕೊಂಡಿರ್ತಾಳ!"

ಅವರ ಬೆನ್ನ ಹಿಂದೆ, ಬುರ್ಖಾ ತೊಟ್ಟ ಒಬ್ಬ ಹೆಂಗಸು ಪರದೆಯ ಟಾಂಗಾ ಹತ್ತಿದಳು. ರಸ್ತೆಯಲ್ಲಿ ಮರಳುತ್ತಿದ್ದ ಗಂಡಸರು ಟಾಂಗಾ ಬಂದದ್ದು ಕಂಡು, ದೊಡ್ಡ ಮನೆಯ ಗೋಷಾ ಹೆಂಗಸರೆಂದು ಮರ್ಯಾದೆಯಿಂದ ಬದಿಗೆ ಸರಿದು, ಜೋಳದ ಹೊಲದ ಕಡೆ ಮುಖ ತಿರುಗಿಸಿ ನಿಂತರು. ಯಾರನ್ನು ನೋಡಲು ಬೆಳಗಿನಿಂದ ಬಿಸಿಲಲ್ಲಿ ಬೆಂದಿದ್ದರೋ ಅವಳು ಒಂದು ಮಾರು ದೂರದಲ್ಲಿ ದಾಟಿ ಹೋಗುವಾಗ ಅವರು ಜೋಳದ ತೆನೆ ನೋಡುತ್ತಿದ್ದರು.

ಬಸ್ಸು ಸಿಕ್ಕಿತು. ಹೇಗೆ ಸಿಕ್ಕಿತೋ ಬಸವಂತಮ್ಮನಿಗೇ ತಿಳಿಯದು. ಮಗಳ ಕೈ ಹಿಡಿದು ಓಡಿದ್ದಷ್ಟೇ ನೆನಪು. ಇದ್ದಿಲಿನಿಂದ ಓಡುವ ಬಸ್ಸು ಹೊಗೆ ಕಾರುತ್ತ ಊರು ಬಿಟ್ಟ ಮೇಲೆ ಕೇಳಿದಳು.

"ಹ್ಯಾಂಗಿದ್ಳು ಬೇ?"

"ನಮ್ಮಂಗ ಇದ್ಳು ಯವ್ವಾ. ವಾಂತಿ ಮಾಡಿಕೊಂಡ್ಳು. ನಾ ತಂಬಗಿ ಹಿಡಿದೆ. ಬೆವತು ಮಾರಿ ಬಣ್ಣೆಲ್ಲ ಇಳಿದಿತ್ತು." ಸೂಗಮ್ಮ ತಾಯಿಯ ಕಡೆ ತಿರುಗಿದಳು. "ನಿನ್ನ ಹೆಸರೇನು ಅಂತ ಕೇಳಿದ್ಳು. ಹೇಳಿದೆ. ಆಮ್ಯಾಲ ಅಲ್ಲಿರೋತನಕ ಸೂಗಮ್ಮಾ ನೀರು ಕೊಡು, ಸೂಗಮ್ಮಾ ಇಲ್ಲಿ ಕೂಡು ಅಂತ ಹೆಸರು ಹಿಡಿದೇ ಮಾತಾಡಿದ್ಳು."

"ಹಾಡಿದ್ಳೇನು?"

"ಎಲ್ಲಿ ಹಾಡ್ತಾಳ? ಅಂಜಿಕಿ ಬಂದಿತ್ತು ಆಕಿಗೆ. ಹತ್ತಂಗಿಲ್ಲ ಅಂದ್ಳು ನೋಡು. ಆ ಕೋಟಿನಂವ ಅಷ್ಟು ಬಾಯಿ ಮಾಡಿದ. ಆದರೂ ಹತ್ತಂಗಿಲ್ಲ ಅಂದ್ಳು. ಹತ್ತಲೇ ಇಲ್ಲ."

ಹುಡುಗಿ ತಾಯಿಯ ತೊಡೆಯ ಮೇಲೆ ಕೈಯಿಟ್ಟಳು.

"ನೀ ಅಂಜಬ್ಯಾಡ ಯವ್ವಾ. ತೋರಿಸ್ತೀನಿ ಅಂದಿದ್ದಿ, ತೋರಿಸಿದಿ. ನಾನೂ ಮಾತು ತಪ್ಪಂಗಿಲ್ಲ. ನಾಳೆ ಹೋಗ್ತೀನಿ."

ಇಷ್ಟು ದಿನ ಬಸವಂತಮ್ಮ ಬಯಸಿದ್ದು ಈ ಮಾತನ್ನೇ. ಕೇಳಿದ ಮೇಲೆ ಅವಳಿಗೆ ಕೂರಲಾಗಲಿಲ್ಲ. ಚೀಲ ತೆಗೆದು ಕೆಳಗಿಟ್ಟಳು, ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಕಪಗಲ್ಲು ದಾಟುವವರೆಗೂ ಹೀಗೆಯೇ. ಅಷ್ಟು ದೊಡ್ಡ ಹೆಂಗಸು, ಊರೂರು ಕಂಡವಳು, ಅವಳ ಕೈ ಅಷ್ಟು ನಡುಗುತ್ತಿತ್ತು. ಅವಳಿಗೆ ಅಡ್ಡ ನಿಲ್ಲಲು ಒಂದು ಬಟ್ಟೆಯಾದರೂ ಇತ್ತು. ಈ ಕೂಸಿಗೆ ಯಾರಿದ್ದಾರೆ?

ಮರುದಿನ ಬಂಡಿ ಬಂತು. ಬೀಗ ಈರಯ್ಯ, ಬೀಗಿತಿ ಚನ್ನಮಲ್ಲಮ್ಮ, ಜೊತೆಗೆ ಇಬ್ಬರು. ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತು, ಮಳೆ ಬೆಳೆ ಮಾತಾಡಿ, ಎಲೆ ಅಡಿಕೆ ಹಾಕಿಕೊಂಡರು. ಸೂಗಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಊಟಾ ಮುಗಿಸಿ, ಉಡಿ ತುಂಬಿ ಲಗೂನ ಕಳಸಿಬಿಡ್ರಿ. ಹೊತ್ತು ಮುಳುಗೋದ್ರಾಗ ಊರು ಮುಟ್ಟಬೇಕು," ಎಂದಳು ಚನ್ನಮಲ್ಲಮ್ಮ.

ಬಸವಂತಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೂ ಅಲ್ಲ, ಹೊರಗೂ ಅಲ್ಲ, ಹೊಸ್ತಿಲ ಮೇಲೆ. ಸೆರಗು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಈಗ ಕಳಸಂಗಿಲ್ರಿ, ಬೀಗರ."

ವಿರೂಪಣ್ಣ ತಲೆ ಎತ್ತಿದ. "ಏನಂದಿ?"

"ಹುಡುಗಿ ಇನ್ನಾ ಸಣ್ಣದು. ಎರಡು ವರ್ಷ ಹೋಗಲಿ."

"ಕುಪ್ಪಸ ತಂದೀವಿ, ಮಂದಿಗೆ ಹೇಳಿ ಬಂದೀವಿ," ಚನ್ನಮಲ್ಲಮ್ಮನ ದನಿ ಏರಿತು. "ಈಗ ಹಿಂಗಂದ್ರ ನಮ್ಮ ಮರ್ಯಾದಿ ಏನಾಗಬೇಕವ್ವಾ? ಹುಡುಗಿ ಹಟ ಹಿಡಿದದೇನು?"

"ಹುಡುಗಿ ಬರ್ತೀನಿ ಅಂದಾಳ್ರಿ. ಕಳಸಂಗಿಲ್ಲ ಅನ್ನಾಕಿ ನಾನು."

"ಬಸವಂತಿ, ಒಳಗ ನಡಿ," ಎಂದ ವಿರೂಪಣ್ಣ. ಬೀಗರ ಮುಂದೆ ಅವನು ದನಿ ಎತ್ತುವವನಲ್ಲ. ಆದರೆ ಅವರು ಹೋದ ಮೇಲೆ ಏನು ಕಾದಿದೆ ಎಂಬುದು ಅವನ ಕಣ್ಣಿನಲ್ಲಿತ್ತು.

ಅವಳು ಕದಲಲಿಲ್ಲ. "ಕೊಟ್ಟ ಮಗಳು ನಿಮ್ಮಾಕಿನೇ ರೀ. ಬರೋದು ಬರ್ತಾಳ. ಈಗ ಕಳಸಂಗಿಲ್ಲ. ಏಳ್ರಿ, ಊಟಕ್ಕ ಏಳ್ರಿ, ರೊಟ್ಟಿ ಆರ್ತಾವ."

ಯಾರೂ ಏಳಲಿಲ್ಲ. ಈರಯ್ಯ ಎಲೆ ಅಡಿಕೆಯ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ. ಬೆನ್ನ ಹಿಂದೆ ರೊಟ್ಟಿ ಬಡಿಯುವ ಸದ್ದು ನಿಂತುಹೋಗಿತ್ತು. ಬಸವಂತಮ್ಮ ತಿರುಗಿ ನೋಡಲಿಲ್ಲ, ಹೊಸ್ತಿಲು ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸದ್ದು ಮತ್ತೆ ಶುರುವಾಯಿತು, ಮೊದಲು ಮೆಲ್ಲಗೆ, ಆಮೇಲೆ ಎರಡೂ ಕೈ ಹಚ್ಚಿ.